ಹೊನ್ನೆ ಕಿಟಕಿ ಗುಜರಿಗೆ, ಪ್ಲಾಸ್ಟಿಕ್ ಕಿಟಕಿ ಗೋಡೆಗೆ!

ದೊಡ್ಡಬಳ್ಳಾಪುರದ ಹಳೇ ಬೀದಿಗಳಿಗೆ, ದೇವನಹಳ್ಳಿ ಕೋಟೆಯ ಆಸುಪಾಸಿಗೆ, ನೆಲಮಂಗಲ ಹೊಸಕೋಟೆಯ ಪೇಟೆ ಕೇರಿಗಳಿಗೆ ಈಗ ಗೂಡ್ಸ್ ಆಟೋಗಳು ಬಂದು ಹೋಗುವ ಚಂದ ನೋಡಬೇಕು. ಬರುವಾಗ ಬೆನ್ನ ಮೇಲೆ ಬಿಳೀ ಕಿಟಕಿ. ಮೈತುಂಬ ಪ್ಲಾಸ್ಟಿಕ್ ಹಾಳೆ ಹೊದ್ದು ಮದುವಣಗಿತ್ತಿಯ ಹಾಗೆ ಇಳಿಯುತ್ತದೆ. ಹೋಗುವಾಗ ಅದೇ ಆಟೋದಲ್ಲಿ ಕರೀ ಕಿಟಕಿ. ಒಲೆಯ ಹೊಗೆ, ಎಣ್ಣೆ ಜಿಡ್ಡು, ಹಬ್ಬಕ್ಕೊಂದು ಸಲ ಬಳಿದ ಬಣ್ಣ, ಎಲ್ಲವನ್ನೂ ಹೊತ್ತುಕೊಂಡು ಸರಳು ಸಮೇತ ಮಗ್ಗುಲಾಗಿ ಮಲಗಿ ಹೊರಡುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಮನೆ ಯಜಮಾನರು ಕೇಳುವುದಿಲ್ಲ. "ಹಳೇ ಸಾಮಾನು ನಾವೇ ಎತ್ಕೊಂಡು ಹೋಗ್ತೀವಿ ಸಾರ್, ಅದಕ್ಕೇನೂ ಚಾರ್ಜ್ ಮಾಡಲ್ಲ" ಎಂದು ಕಿಟಕಿಯವನು ಹೇಳಿದ್ದೇ ದೊಡ್ಡ ಉಪಕಾರ ಅಂದುಕೊಂಡು, ಮೇಲೊಂದು ಲೋಟ ಕಾಫಿ ಕೊಟ್ಟು ಕಳಿಸುತ್ತಾರೆ.

ಉಪಕಾರ ಯಾರಿಂದ ಯಾರಿಗೆ ಆಯಿತು ಎಂಬುದನ್ನು ಒಂದಿಷ್ಟು ಲೆಕ್ಕ ಹಾಕಬೇಕು.

ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಒಂದು ಹಳೇ ಕಿಟಕಿ. ಚೌಕಟ್ಟು ನಾಲ್ಕು ಇಂಚು ಮೂರು ಇಂಚಿನ ತೊಲೆ. ಸುತ್ತಳತೆ 16 ಅಡಿ. ಅಂದರೆ ಚೌಕಟ್ಟಿನಲ್ಲೇ ಹೆಚ್ಚೂಕಡಿಮೆ ಒಂದೂಕಾಲು ಘನ ಅಡಿ ಮರ. ಇಂಚು ದಪ್ಪದ ಎರಡು ರೆಕ್ಕೆ ಬಾಗಿಲುಗಳಲ್ಲಿ ಇನ್ನೊಂದು ಘನ ಅಡಿ. ಒಟ್ಟು ಎರಡೂಕಾಲು. ಮನೆಗೆ ಇಂಥ ಎಂಟು ಕಿಟಕಿ ಇದ್ದರೆ 18 ಘನ ಅಡಿ ಆಯಿತು. ಅದು ತೇಗವೋ ಹೊನ್ನೆಯೋ ಆಗಿದ್ದು, ಒಳಗೆ ಗಟ್ಟಿಯಾಗಿದ್ದರೆ, ಇವತ್ತು ಮರದ ಅಂಗಡಿಯಲ್ಲಿ ಅಷ್ಟನ್ನು ಕೊಳ್ಳಲು ಹೋದವರಿಗೆ ತಲೆ ಸುತ್ತು ಬರುತ್ತದೆ. ಒಳ್ಳೇ ತೇಗಕ್ಕೆ ಘನ ಅಡಿಗೆ ಸಾವಿರಗಳ ಲೆಕ್ಕದಲ್ಲಿ ಮಾತಾಡುತ್ತಾರೆಯೇ ಹೊರತು ನೂರುಗಳಲ್ಲಿ ಅಲ್ಲ. ಅಷ್ಟು ಮರವನ್ನು ಪುಕ್ಕಟೆ ಕೊಟ್ಟು, ಕಾಫಿಯನ್ನೂ ಕೊಟ್ಟು ಕಳಿಸುವ ಧಾರಾಳತನ ಈ ಜಿಲ್ಲೆಯವರಿಗೆ ಎಲ್ಲಿಂದ ಬಂತೋ!

ಇನ್ನು ಕೊಡುವ ದುಡ್ಡಿನ ಲೆಕ್ಕ. ಯುಪಿವಿಸಿ ಕಿಟಕಿ ಚದರಡಿಗೆ ಐನೂರು ಆರುನೂರರಿಂದ ಶುರುವಾಗಿ ಸಾವಿರ ದಾಟುವುದೂ ಉಂಟು. ನಡುವಣ ಅಂದಾಜು 700 ರೂಪಾಯಿ ಎಂದಿಟ್ಟುಕೊಳ್ಳಿ. ಎಂಟು ಕಿಟಕಿಗೆ 128 ಚದರಡಿ, 89,600 ರೂಪಾಯಿ. ಅದರ ಮೇಲೆ ಶೇಕಡ 18ರ ಜಿಎಸ್‌ಟಿ, 16,128. ಒಟ್ಟು 1,05,728. ಕಳ್ಳರ ಭಯಕ್ಕೆ ಕಬ್ಬಿಣದ ಗ್ರಿಲ್ ಬೇರೆ. ಸೊಳ್ಳೆ ಜಾಲರಿ ಬೇರೆ. ಒಡೆದ ಗೋಡೆಗೆ ಗಾರೆ, ಬಣ್ಣ ಬೇರೆ. ಹಳೇ ಕಿಟಕಿಯಲ್ಲಿ ಸರಳು ಚೌಕಟ್ಟಿನ ಒಳಗೇ ಹೆಣೆದುಕೊಂಡು ಬಂದಿತ್ತು ಎಂಬುದು ನೆನಪಾಗುವುದು ಗ್ರಿಲ್‌ನವನು ರೇಟು ಹೇಳಿದ ಮೇಲೆ.

ಹೊಸ ಕಿಟಕಿಯೇ ಬೇಡ ಎಂದು ಇದರ ಅರ್ಥವಲ್ಲ. ಬೇಕಾದ ಮನೆಗಳೂ ಇವೆ, ಆ ಮಾತು ಮುಂದೆ ಬರುತ್ತದೆ. ಆದರೆ ಕಿಟಕಿ ಮಾರುವವನಿಗೆ ಕಿಟಕಿ ಗೊತ್ತು, ಗೋಡೆ ಗೊತ್ತಿಲ್ಲ. ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಚೌಕಕ್ಕೆ ಕೂರಿಸಿ ಅಭ್ಯಾಸವಾದ ಕೈ, ಅಜ್ಜನ ಕಾಲದ ಇಟ್ಟಿಗೆ ಮನೆಗೆ ಬಂದು ಸುತ್ತಿಗೆ ಎತ್ತುತ್ತದೆ. ಎಡವಟ್ಟು ಶುರುವಾಗುವುದು ಅಲ್ಲೇ.

ಹಳೇ ಮನೆ ಕಟ್ಟಿದ ರೀತಿಯೇ ಬೇರೆ ಸ್ವಾಮಿ. ಈಗಿನವರು ಗೋಡೆ ಕಟ್ಟಿ, ತೂತು ಬಿಟ್ಟು, ಆಮೇಲೆ ಕಿಟಕಿ ತಂದು ಸಿಕ್ಕಿಸುತ್ತಾರೆ. ಆಗಿನವರು ಹಾಗಲ್ಲ. ಗೋಡೆ ಸೊಂಟದ ಮಟ್ಟಕ್ಕೆ ಬಂದ ಕೂಡಲೇ ಬಡಗಿ ಮಾಡಿಟ್ಟ ಚೌಕಟ್ಟನ್ನು ನಿಲ್ಲಿಸಿ, ಅದಕ್ಕೆ ಅರಿಸಿನ ಕುಂಕುಮ ಇಟ್ಟು, ಅದರ ಸುತ್ತ ಇಟ್ಟಿಗೆ ಕಟ್ಟಿಕೊಂಡು ಮೇಲೆ ಹೋಗುತ್ತಿದ್ದರು. ಚೌಕಟ್ಟಿನ ಮೇಲಿನ ತೊಲೆ, ಕೆಳಗಿನ ತೊಲೆ ಎರಡೂ ಅಕ್ಕಪಕ್ಕದ ಗೋಡೆಯೊಳಕ್ಕೆ ಗೇಣುದ್ದ ಕಿವಿ ಚಾಚಿಕೊಂಡಿರುತ್ತಿದ್ದವು. ಗೋಡೆ ಒಂಬತ್ತು ಇಂಚೋ, ಹದಿನಾಲ್ಕು ಇಂಚೋ, ಒಂದೂವರೆ ಅಡಿಯೋ. ಇಟ್ಟಿಗೆ ಹೊಸಕೋಟೆ ಕಡೆಯ ಗೂಡುಗಳದ್ದು, ಕೈಯಚ್ಚಿನದು, ಒಂದಕ್ಕಿಂತ ಒಂದು ಅಳತೆ ಬೇರೆ. ನಡುವೆ ಮಣ್ಣು ಅಥವಾ ಸುಣ್ಣದ ಗಾರೆ. ಸಿಮೆಂಟು ಮೇಲ್ಮೈಯಲ್ಲಿ ಮಾತ್ರ, ಅದೂ ಆಮೇಲಿನವರು ಬಳಿದದ್ದು.

ಇಂಥ ಗೋಡೆಯಿಂದ ಚೌಕಟ್ಟು ಕೀಳುವುದು ಎಂದರೆ ಹಲ್ಲಿನ ಜೊತೆ ದವಡೆಯನ್ನೂ ಎಳೆದ ಹಾಗೆ. ಸುತ್ತಿಗೆ ಏಟಿಗೆ ಸುಣ್ಣದ ಗಾರೆ ಉದುರುತ್ತದೆ, ಅಕ್ಕಪಕ್ಕದ ನಾಲ್ಕಾರು ಇಟ್ಟಿಗೆ ಸಡಿಲವಾಗುತ್ತವೆ. ಅದಾದರೂ ಹೋಗಲಿ. ಕಿಟಕಿಯ ಮೇಲುಗಡೆ ಏನಿದೆ ಎಂದು ನೋಡಿದವರು ಯಾರು? ಕೆಲವು ಮನೆಗಳಲ್ಲಿ ಕಲ್ಲಿನ ಚಪ್ಪಡಿ ಇರುತ್ತದೆ. ಸಾದಹಳ್ಳಿ ಕಲ್ಲು ಪಕ್ಕದಲ್ಲೇ ಸಿಗುವ ಸೀಮೆ ಇದು, ಕಲ್ಲಿದ್ದರೆ ಪುಣ್ಯವಂತರು. ಕೆಲವು ಕಡೆ ಇಟ್ಟಿಗೆ ಕಮಾನು. ಇನ್ನು ಕೆಲವು ಕಡೆ ಬರೀ ಒಂದು ಮರದ ಹಲಗೆ. ಆ ಹಲಗೆಯನ್ನು ಗೆದ್ದಲು ಎಂದೋ ತಿಂದು ಮುಗಿಸಿದ್ದು, ಮೇಲಿನ ಗೋಡೆಯ ಭಾರವೆಲ್ಲ ಸದ್ದಿಲ್ಲದೆ ಕಿಟಕಿ ಚೌಕಟ್ಟಿನ ಮೇಲೆ ಕೂತಿರುವುದೂ ಉಂಟು. ಹೊರಗಿನಿಂದ ನೋಡಿದರೆ ಕಿಟಕಿ, ಒಳಗೆ ಅದು ಕಂಬ! ಕಿತ್ತ ಮರುಗಳಿಗೆ ಮೇಲಿನ ನಾಲ್ಕು ವರಸೆ ಇಟ್ಟಿಗೆ ಕೆಲಸಗಾರನ ತಲೆ ಮೇಲೆ ಬರಬೇಕಾಗಿಲ್ಲ. ಎರಡು ತಿಂಗಳು ಬಿಟ್ಟು ಗೋಡೆಯ ಮೇಲೆ ಓರೆಯಾಗಿ ಒಂದು ಬಿರುಕು ಮೂಡಿದರೂ ಸಾಕು. ಆಗ ಮನೆಯವರು ವಾಸ್ತು ಕೇಳಲು ಹೋಗುತ್ತಾರೆ.

ಆದ್ದರಿಂದ ರೇಟು ಕೇಳುವ ಮೊದಲು ಕಿಟಕಿಯ ಮೇಲೆ ಒಂದಡಿ ಅಗಲದಷ್ಟು ಗಾರೆ ಕೆರೆಸಿ ಒಳಗೆ ಕಲ್ಲೋ ಕಮಾನೋ ಹಲಗೆಯೋ ನೋಡಿಸುವುದು ಮೊದಲ ಕೆಲಸ. ಹಲಗೆಯಾದರೆ, ಅದು ಹಾಳಾಗಿದ್ದರೆ, ಊರುಗೋಲು ಕೊಟ್ಟು ಮೊದಲು ಅಲ್ಲೊಂದು ತೊಲೆ ಕೂರಿಸಬೇಕು. ಇದನ್ನು ಕಿಟಕಿ ಕಂಪನಿಯವನು ಮಾಡುವುದಿಲ್ಲ. ಅವನ ಕೊಟೇಶನ್ನಿನಲ್ಲಿ ಈ ಬಾಬ್ತೇ ಇರುವುದಿಲ್ಲ. ಊರಿನ ಹಳೇ ಗಾರೆ ಮೇಸ್ತ್ರಿಯನ್ನು ಒಂದು ಹೊತ್ತಿನ ಕೂಲಿ ಕೊಟ್ಟು ಕರೆಸಿದರೆ ಅವರು ಗೋಡೆ ತಟ್ಟಿ ಹೇಳಿಬಿಡುತ್ತಾರೆ. ಲಕ್ಷ ಸುರಿಯುವವರು ಈ ಒಂದು ಕೂಲಿಗೆ ಹಿಂದೆಮುಂದೆ ನೋಡುವುದೇ ವಿಚಿತ್ರ.

ಇನ್ನು ಗಾಳಿಯ ವಿಚಾರ. ಹಳೇ ನಾಲ್ಕಡಿ ಕಿಟಕಿಯ ಎರಡೂ ರೆಕ್ಕೆ ತೆರೆದರೆ ಚೌಕಟ್ಟು ಕಳೆದು ಸುಮಾರು 12 ಚದರಡಿ ಬಯಲು ಸಿಗುತ್ತದೆ. ಅದೇ ಜಾಗಕ್ಕೆ ಜಾರುವ ಕಿಟಕಿ ಹಾಕಿಸಿದರೆ? ಒಂದು ಗಾಜು ಇನ್ನೊಂದರ ಹಿಂದೆ ಸರಿಯುತ್ತದೆ. ಯಾವಾಗ ನೋಡಿದರೂ ಅರ್ಧ ಮುಚ್ಚೇ ಇರುತ್ತದೆ. ದಪ್ಪ ಪಟ್ಟಿಗಳ ಅಗಲವನ್ನೂ ಕಳೆದರೆ ಆರು ಚದರಡಿ ಕೂಡ ದಕ್ಕುವುದಿಲ್ಲ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಒಣ ಸೆಖೆಯ ಪ್ರದೇಶದಲ್ಲಿ ಕೋಣೆಯ ನೆಲದ ಹತ್ತನೇ ಒಂದು ಪಾಲು, ತೇವದ ಸೆಖೆಯ ಪ್ರದೇಶದಲ್ಲಿ ಆರನೇ ಒಂದು ಪಾಲು ಕಿಟಕಿಗೆ ಇರಬೇಕು. ಹನ್ನೆರಡು ಹತ್ತರ ಕೋಣೆಗೆ ಹತ್ತನೇ ಒಂದು ಎಂದರೂ 12 ಚದರಡಿ ಆಯಿತು. ಅಜ್ಜ ಯಾವ ಕೋಡ್ ಪುಸ್ತಕವನ್ನೂ ಓದಿರಲಿಲ್ಲ, ಆದರೂ ಅವನ ಕಿಟಕಿ ಲೆಕ್ಕಕ್ಕೆ ಸರಿಯಾಗಿತ್ತು. ಇಂಜಿನಿಯರಿಂಗ್ ಓದಿದ ಮೊಮ್ಮಗ ಅದನ್ನು ಅರ್ಧಕ್ಕೆ ಇಳಿಸಿ, ಸೆಖೆ ಅಂತ ಏಸಿ ಹಾಕಿಸುತ್ತಾನೆ.

ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ಸರ್ಕಾರ ತೆರಿಗೆ ಹಾಕುತ್ತಿತ್ತು. ತೆರಿಗೆ ತಪ್ಪಿಸಲು ಜನ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿ ಕತ್ತಲಲ್ಲಿ ಕೂತರು. ಇಲ್ಲಿ ಯಾರೂ ತೆರಿಗೆ ಹಾಕಿಲ್ಲ. ತಾವೇ ಲಕ್ಷ ಕೊಟ್ಟು ಅರ್ಧ ಕಿಟಕಿ ಮುಚ್ಚಿಸಿಕೊಳ್ಳುತ್ತಾರೆ.

ಹಳೇ ಕಿಟಕಿಯ ಜಾಣತನ ಇನ್ನೊಂದಿದೆ. ಎಷ್ಟೋ ಮನೆಗಳಲ್ಲಿ ರೆಕ್ಕೆ ಎರಡಲ್ಲ, ನಾಲ್ಕು. ಮೇಲೆರಡು, ಕೆಳಗೆರಡು. ಬೀದಿಯವರ ಕಣ್ಣು ತಪ್ಪಿಸಲು ಕೆಳಗಿನದು ಮುಚ್ಚಿ, ಗಾಳಿ ಬೆಳಕಿಗೆ ಮೇಲಿನದು ತೆರೆದಿಟ್ಟರೆ ಮನೆಯ ಹೆಂಗಸರು ಮಧ್ಯಾಹ್ನ ನೆಮ್ಮದಿಯಾಗಿ ಮೈಚೆಲ್ಲಬಹುದಿತ್ತು. ಗೋಡೆಯ ನೆತ್ತಿಯಲ್ಲಿ ಗವಾಕ್ಷಿ ಬೇರೆ, ಬಿಸಿಗಾಳಿ ಹೋಗಲು. ಹೊಸ ಕಿಟಕಿ ಹಾಕಿಸುವವರು ಮೊದಲು ಮಾಡುವ ಕೆಲಸ ಆ ಗವಾಕ್ಷಿಗೆ ಸಿಮೆಂಟು ಮೆತ್ತುವುದು!

ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಕತೆ ಇನ್ನೂ ಬಿಗಿ. ಇಲ್ಲಿ ಮನೆಯೇ ಕಾರ್ಖಾನೆ. ಮುಂದಿನ ಹಜಾರದಲ್ಲಿ ಒಂದು ಕಾಲದಲ್ಲಿ ಗುಂಡಿ ಮಗ್ಗ, ಈಗ ಪವರ್‌ಲೂಮು. ಲಾಳಿ ಅತ್ತಿಂದಿತ್ತ ಬಡಿಯುವ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ವಾಸದ ಬೀದಿಗಳಿಗೆ 2000ರ ಶಬ್ದ ಮಾಲಿನ್ಯ ನಿಯಮಗಳು ಇಟ್ಟಿರುವ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಇದೆ, ಅವರು ಬಂದು ಗೊಣಗುತ್ತಾರೆ. ಆಗ ಕಿಟಕಿಯವನು ಹಾಜರ್: "ಡಬಲ್ ಗಾಜು ಹಾಕ್ಸಿ ಸಾರ್, ಒಂದು ಸೌಂಡೂ ಹೊರಗೆ ಹೋಗಲ್ಲ."

ಹೊರಗೆ ಹೋಗದ ಸದ್ದು ಎಲ್ಲಿಗೆ ಹೋಗಬೇಕು? ಒಳಗೇ ಸುತ್ತುತ್ತದೆ. ಗೋಡೆಯಿಂದ ಗಾಜಿಗೆ, ಗಾಜಿನಿಂದ ಗೋಡೆಗೆ. ಮಗ್ಗದ ಮುಂದೆ ಎಂಟು ಹತ್ತು ಗಂಟೆ ನಿಲ್ಲುವ ನೇಕಾರನ ಕಿವಿಗೇ ಅದು. ಗಾಳಿ ನಿಂತು ನೂಲಿನ ಧೂಳು ಕೋಣೆಯಲ್ಲೇ ಉಳಿದು ಶ್ವಾಸಕ್ಕೆ ಹೋಗುತ್ತದೆ. ಬೆವರು ಸುರಿದು ರೇಷ್ಮೆಗೆ ಕೈ ಹಚ್ಚಲಾಗುವುದಿಲ್ಲ. ಕಡೆಗೆ ನೇಕಾರ ಮಾಡುವುದೇನು? ಡಬಲ್ ಗಾಜಿನ ಕಿಟಕಿಯನ್ನು ಸರಿಸಿ ತೆರೆದಿಡುತ್ತಾನೆ. ಸದ್ದು ಮೊದಲಿನಂತೆ ಬೀದಿಗೆ. ಸಾಲ ಮಾತ್ರ ಮನೆಯೊಳಗೆ.

ಮಗ್ಗದ ಮನೆಯ ಕಿಟಕಿ ಸಡಿಲವಾಗುವುದಕ್ಕೆ ಕಾರಣ ಕಿಟಕಿಯ ವಯಸ್ಸಲ್ಲ, ಮಗ್ಗದ ಅದುರು. ನೆಲದ ಮೂಲಕ ಗೋಡೆಗೆ, ಗೋಡೆಯಿಂದ ಚೌಕಟ್ಟಿಗೆ ದಿನವಿಡೀ ಅದುರು ಹೋಗುತ್ತಿದ್ದರೆ ಯಾವ ಮರ ತಡೆದೀತು, ಯಾವ ಪ್ಲಾಸ್ಟಿಕ್ ತಡೆದೀತು? ಮಗ್ಗದ ಕಾಲಿನ ಕೆಳಗೆ ದಪ್ಪ ರಬ್ಬರು ಮೆತ್ತೆ ಹಾಕಿಸುವುದು ಕಿಟಕಿಯ ದುಡ್ಡಿಗೆ ಹೋಲಿಸಿದರೆ ಪುಡಿಗಾಸಿನ ಕೆಲಸ. ನೆರೆಯವರಿಗೂ ಸ್ವಲ್ಪ ನೆಮ್ಮದಿ. ಇದನ್ನು ಹೇಳಿದರೆ ಕಮಿಷನ್ ಸಿಗುವುದಿಲ್ಲವಾದ್ದರಿಂದ ಯಾರೂ ಹೇಳುವುದಿಲ್ಲ.

ಹಾಗಾದರೆ ಹೊಸ ಕಿಟಕಿ ಯಾರಿಗೆ ಬೇಕು? ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾಯಿತು. 2019ರ ಡಿಸೆಂಬರಿನಲ್ಲಿ ಎರಡನೇ ರನ್‌ವೇ ಬಂತು. ವಿಮಾನದ ದಾರಿಯ ಕೆಳಗೆ ಸಿಕ್ಕ ಹಳ್ಳಿಗಳಲ್ಲಿ ರಾತ್ರಿ ನಿದ್ದೆ ಹಾರಿಹೋದವರು ಒಳ್ಳೇ ಬಿಗಿ ಕಿಟಕಿ ಕೇಳಿದರೆ ತಪ್ಪೇನಿಲ್ಲ. ನೆಲಮಂಗಲದಲ್ಲಿ ತುಮಕೂರು ರಸ್ತೆ, ಹಾಸನ ರಸ್ತೆ ಎರಡೂ ಕೂಡುವ ಜಾಗದ ಆಸುಪಾಸಿನ ಮನೆಗಳಿಗೆ ಲಾರಿ ಧೂಳು ಅನ್ನದ ತಟ್ಟೆಗೇ ಬಂದು ಬೀಳುತ್ತದೆ. ಅಲ್ಲಿ ರಸ್ತೆ ಕಡೆಯ ಕಿಟಕಿ ಬದಲಾಯಿಸಲಿ. ಮನೆಯ ಎಂಟೂ ಕಿಟಕಿ ಯಾಕೆ? ಹಿತ್ತಲ ಕಡೆಯವು ಏನು ಪಾಪ ಮಾಡಿದ್ದವು?

ಅಲ್ಲೂ ಒಂದು ಮಾತು. ಮನೆಗೆ ಹೆಂಚಿನ ಮಾಡು ಇದ್ದರೆ ಸದ್ದು ಬರುವುದು ಕಿಟಕಿಯಿಂದ ಮಾತ್ರವಲ್ಲ, ಹೆಂಚಿನ ಸಂದಿಗಳಿಂದ. ತಲೆಯ ಮೇಲೆ ಅಷ್ಟಗಲ ಬಾಯಿ ತೆರೆದ ಮಾಡು ಇಟ್ಟುಕೊಂಡು ಕಿಟಕಿಗೆ ಮಾತ್ರ ಡಬಲ್ ಗಾಜು ಹಾಕಿಸುವುದು, ಛತ್ರಿ ಬಿಚ್ಚದೆ ಕಾಲಿಗೆ ಗಂಬೂಟು ಹಾಕಿಕೊಂಡ ಹಾಗೆ. ತಾರಸಿ ಮನೆಯಾದರೆ ಸರಿ. ಸದ್ದಿಗೆಂದೇ ಹಾಕಿಸುವುದಾದರೆ ಎರಡು ಗಾಜಿನ ನಡುವೆ ಪದರ ಅಂಟಿಸಿದ ಲ್ಯಾಮಿನೇಟೆಡ್ ಗಾಜು ಕೇಳಬೇಕು. ಜಾರುವ ಕಿಟಕಿಯ ಸಂದಿಗಳಲ್ಲಿ ಸದ್ದು ಸಲೀಸಾಗಿ ನುಸುಳುತ್ತದೆ. ಬಾಗಿಲಿನಂತೆ ತೆರೆದು ರಬ್ಬರಿನ ಮೇಲೆ ಬಿಗಿಯಾಗಿ ಕೂರುವ ಕಿಟಕಿಯೇ ವಾಸಿ. ಪೂರ್ತಿ ತೆರೆಯುವುದರಿಂದ ಗಾಳಿಯ ಲೆಕ್ಕದಲ್ಲೂ ಅದೇ ಮೇಲು.

ದೇವನಹಳ್ಳಿಯ ಕೋಟೆಯ ಒಳಗೂ ಅಂಚಿನಲ್ಲೂ ಇರುವವರಿಗೆ ಇನ್ನೊಂದು ತಲೆನೋವು ಕಾದಿದೆ. 1501ರಲ್ಲಿ ಮಲ್ಲಬೈರೇಗೌಡರು ಕಟ್ಟಿಸಿದರೆಂದು ಹೇಳುವ, 1791ರಲ್ಲಿ ಬ್ರಿಟಿಷರ ಕೈಗೆ ಹೋದ ಈ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾಯಿದೆಯ ಪ್ರಕಾರ ರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ. ಇರುವ ಮನೆಯ ದುರಸ್ತಿಗೆ, ಬದಲಾವಣೆಗೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಕಿಟಕಿಯ ನೆಪದಲ್ಲಿ ಗೋಡೆ ಒಡೆದು ದೊಡ್ಡದು ಮಾಡಲು ಹೋದರೆ ನೋಟಿಸು ಬರುವುದು ಮನೆಯವರಿಗೆ, ಕಿಟಕಿ ಮಾರಿದವನಿಗಲ್ಲ. ಅವನು ಅಷ್ಟು ಹೊತ್ತಿಗೆ ಇನ್ನೊಂದು ಬೀದಿಯಲ್ಲಿ ಟೇಪು ಹಿಡಿದು ನಿಂತಿರುತ್ತಾನೆ. ಕೋಟೆಯ ಬಡಾವಣೆಯವರಿಗೆ ಈ ಕಾನೂನನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಹಂಚುವ ಕೆಲಸವನ್ನು ಇಲಾಖೆಯೋ ಪುರಸಭೆಯೋ ಮಾಡಿದರೆ ಅವರ ಗಂಟೇನೂ ಹೋಗುವುದಿಲ್ಲ.

ಅಳತೆ ತೆಗೆಯುವುದರಲ್ಲೇ ಕಿಟಕಿಯವನ ಯೋಗ್ಯತೆ ಗೊತ್ತಾಗಿಬಿಡುತ್ತದೆ. ಹಳೇ ಇಟ್ಟಿಗೆ ಗೋಡೆಯ ತೂತು ಎಂದೂ ನೇರ ಚೌಕ ಇರುವುದಿಲ್ಲ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಎತ್ತರವನ್ನೂ ಹಾಗೆಯೇ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಹಿಡಿದು ನೋಡಬೇಕು. ಎಲ್ಲಕ್ಕಿಂತ ಕಡಿಮೆ ಬಂದ ಅಳತೆ ಹಿಡಿದು, ಸುತ್ತ ಐದಾರು ಮಿಲಿಮೀಟರ್ ಬಿಟ್ಟು ಕಿಟಕಿ ಮಾಡಿಸಬೇಕು. ಒಂದು ಸಲ ಟೇಪು ಎಳೆದು ಮೊಬೈಲಿನಲ್ಲಿ ನಂಬರು ಒತ್ತಿಕೊಂಡು ಹೊರಟವನಿಗೆ ಮುಂಗಡ ಕೊಡಬೇಡಿ. ಆಮೇಲೆ ಅವನು ಕಿಟಕಿಗೆ ತಕ್ಕ ಹಾಗೆ ಗೋಡೆ ಕೆತ್ತುತ್ತಾನೆ, ಇಲ್ಲವೇ ಎರಡು ಬೆರಳು ಸಂದಿಗೆ ಫೋಮು ತುಂಬಿ ಮೇಲೆ ಬಣ್ಣ ಬಳಿಯುತ್ತಾನೆ. ಆ ಫೋಮು ಬಿಸಿಲು ಕಂಡರೆ ಹಳದಿಯಾಗಿ ಪುಡಿಪುಡಿ. ಅದರ ಮೇಲೆ ಗಾರೆಯೋ ಸೀಲೆಂಟೋ ಮುಚ್ಚಲೇಬೇಕು.

ಯುಪಿವಿಸಿ ಪಟ್ಟಿಯೊಳಗೆ ಕಬ್ಬಿಣದ ಕೊಳವೆ ಇದೆಯೇ, ಅದಕ್ಕೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಇದೆಯೇ ಎಂದು ಕೇಳಿ, ಒಂದು ತುಂಡು ಕತ್ತರಿಸಿ ತೋರಿಸಲು ಹೇಳಬೇಕು. ಒಳಗೆ ಟೊಳ್ಳಾದರೆ ಅಗಲ ಕಿಟಕಿ ಬಿಸಿಲಿಗೆ ಬಾಗುತ್ತದೆ. ಚೌಕಟ್ಟಿನ ತಳದಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳು ಹೊರಮುಖವಾಗಿ ಇವೆಯೇ ನೋಡಬೇಕು. ಕೆಲಸದವನು ಅವಕ್ಕೂ ಸಿಲಿಕಾನ್ ಮೆತ್ತಿ ಹೋದರೆ ಸೆಪ್ಟೆಂಬರಿನ ಮೊದಲ ಜಡಿಮಳೆಗೆ ನೀರು ಮನೆಯೊಳಗೆ ಇಳಿಯುತ್ತದೆ. ಈ ಸೀಮೆಯಲ್ಲಿ ವರ್ಷದ ಹೆಚ್ಚಿನ ಮಳೆ ಆಗಲೇ ಬೀಳುವುದು. ಆದ್ದರಿಂದ ಗೋಡೆ ಒಡೆಯುವ ಕೆಲಸವೇನಿದ್ದರೂ ಸಂಕ್ರಾಂತಿಯ ಆಚೀಚೆ. ಅದೂ ಒಂದು ಕಿಟಕಿ ಮುಗಿಸಿ ಇನ್ನೊಂದು. ಎಂಟನ್ನೂ ಒಂದೇ ದಿನ ಕಿತ್ತರೆ ಮನೆ ಹಲ್ಲುದುರಿದ ಮುದುಕನ ಹಾಗೆ ನಿಲ್ಲುತ್ತದೆ.

ಸ್ಕ್ರೂ ಹೊಡೆಯುವ ಜಾಗವೂ ಮುಖ್ಯ. ಮಣ್ಣಿನ ಸಂದಿಗೆ ಹೊಡೆದ ಸ್ಕ್ರೂ ಬೆಣ್ಣೆಗೆ ಹೊಡೆದ ಹಾಗೆ. ಇಟ್ಟಿಗೆಯ ನಡುಮಧ್ಯಕ್ಕೆ, ಉದ್ದನೆಯದು ಹೋಗಬೇಕು. ಒಡೆದ ಅಂಚನ್ನು ಮುಚ್ಚುವಾಗ ಸುಣ್ಣದ ಗೋಡೆಗೆ ಬರೀ ಸಿಮೆಂಟಿನ ತೇಪೆ ಹಾಕಿದರೆ ಗೋಡೆಯೊಳಗಿನ ತೇವ ಹೊರಬರಲು ದಾರಿಯಿಲ್ಲದೆ ತೇಪೆಯ ಸುತ್ತ ಉಪ್ಪು ಒಡೆದು ಬಣ್ಣ ಏಳುತ್ತದೆ. ಸುಣ್ಣ ಕಲಸಿದ ಗಾರೆಯೇ ಬೇಕು. ಸುಣ್ಣ ಕಲಸುವ ಮೇಸ್ತ್ರಿಗಳು ಈಗ ಕಡಿಮೆ, ಆದರೆ ಹುಡುಕಿದರೆ ಸಿಗುತ್ತಾರೆ.

ಇಷ್ಟೆಲ್ಲ ತಾಪತ್ರಯದ ಬದಲು ಹಳೇದನ್ನೇ ಸರಿಮಾಡಿಸಬಾರದೇ ಎಂಬ ಪ್ರಶ್ನೆಯನ್ನು ಯಾಕೆ ಯಾರೂ ಕೇಳುವುದಿಲ್ಲ? ಹಳೇ ಕಿಟಕಿಯಲ್ಲಿ ಮೊದಲು ಕೆಡುವುದು ಕೆಳಗಿನ ತೊಲೆ, ಮಳೆನೀರು ನಿಲ್ಲುವ ಜಾಗ. ಉಳಿದ ಮೂರು ಕಡೆ ಗಟ್ಟಿಯಾಗಿಯೇ ಇರುತ್ತವೆ. ಚೂಪಾದ ಮೊಳೆಯಿಂದ ಚುಚ್ಚಿ ನೋಡಿದರೆ ಸಾಕು, ಎಲ್ಲಿ ಟೊಳ್ಳು ಎಲ್ಲಿ ಗಟ್ಟಿ ಎಂದು ಮೊಳೆಯೇ ಹೇಳುತ್ತದೆ. ಕೊಳೆತಷ್ಟನ್ನು ಕತ್ತರಿಸಿ, ಕಚ್ಚು ಹಾಕಿ ಹೊಸ ತುಂಡು ಕೂಡಿಸಿ, ಸಡಿಲವಾದ ಕೀಲು ಬದಲಾಯಿಸಿ, ರೆಕ್ಕೆಯ ಅಂಚಿಗೆ ರಬ್ಬರು ಪಟ್ಟಿ ಅಂಟಿಸಿ, ಒಳಗಡೆ ಸೊಳ್ಳೆ ಜಾಲರಿಯ ಚೌಕಟ್ಟು ಸಿಕ್ಕಿಸಿದರೆ ಮುಗಿಯಿತು. ಬೆಳಕು ಸಾಲದಿದ್ದರೆ ಮೇಲಿನ ಹಲಗೆ ತೆಗೆದು ಗಾಜು ಕೂರಿಸಬಹುದು. ಗೋಡೆಗೆ ಒಂದು ಏಟೂ ಬೀಳುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಬಳಿದ ಪದರಗಳಲ್ಲಿ ಸೀಸ ಇರಬಹುದು. ಒಣ ಉಪ್ಪುಕಾಗದ ಹಾಕಿ ತಿಕ್ಕಿದರೆ ಆ ಪುಡಿ ಮನೆಯೆಲ್ಲ ಹಾರುತ್ತದೆ, ನೆಲದಲ್ಲಿ ಅಂಬೆಗಾಲಿಡುವ ಮಗುವಿನ ಬಾಯಿಗೆ ಹೋಗುತ್ತದೆ. ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಯಬೇಕು. ಕೆರೆದದ್ದನ್ನು ಕಾಗದದಲ್ಲಿ ಕಟ್ಟಿ ತೆಗೆಯಬೇಕು. ಮಕ್ಕಳನ್ನೂ ಬಸುರಿಯರನ್ನೂ ಆ ಹೊತ್ತು ದೂರ ಇಡಬೇಕು. ಒಲೆಗೆ ಮಾತ್ರ ಹಾಕಬಾರದು.

"ಬಡಗಿಗಳೇ ಸಿಗಲ್ಲ" ಎಂಬುದು ಯಜಮಾನರ ಸಿದ್ಧ ಉತ್ತರ. ಸಿಗದೆ ಏನು? ಕೆಲಸ ಕೊಟ್ಟರಲ್ಲವೇ ಸಿಗುವುದು! ಉಳಿ ಬಾಚಿ ಹಿಡಿದ ಕೈಗಳು ಈಗ ಪ್ಲೈವುಡ್ಡಿಗೆ ಅಂಟು ಹಚ್ಚುತ್ತಿವೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡಿತು. 18 ಕಸುಬುಗಳಲ್ಲಿ ಬಡಗಿಯದೂ ಒಂದು. ಸಲಕರಣೆಗೆ 15,000 ರೂಪಾಯಿ, ಮೊದಲ ಕಂತಿನಲ್ಲಿ ಒಂದು ಲಕ್ಷ, ಮುಂದೆ ಎರಡು ಲಕ್ಷದವರೆಗೆ ಶೇಕಡ 5ರ ಬಡ್ಡಿಗೆ ಸಾಲ. ಸಲಕರಣೆ ಕೊಡುವ ಸರ್ಕಾರ ಕೆಲಸವನ್ನೂ ತೋರಿಸಬಾರದೇ? ಈ ಯೋಜನೆಯಲ್ಲಿ ನೋಂದಾಯಿಸಿದ ಬಡಗಿಗಳ ಪಟ್ಟಿಯನ್ನು ದೊಡ್ಡಬಳ್ಳಾಪುರ ನಗರಸಭೆಯ ಬೋರ್ಡಿನಲ್ಲಿ ಹಾಕಿದರೆ ಹಳೇ ಮನೆಯವರಿಗೆ ಬಡಗಿ ಸಿಕ್ಕಾನು, ಬಡಗಿಗೆ ಕೂಲಿ ಸಿಕ್ಕೀತು. ನಾಲ್ಕು ಊರುಗಳ ಪೇಟೆಗಳಲ್ಲೂ ಹಳೇ ಮನೆ ಸಾಲುಸಾಲು ಇವೆ. ಆಡಳಿತದವರು ನೋಡಬೇಕಾದದ್ದು ಇದನ್ನು. ಬರೀ ಕಟ್ಟಡ ತೆರಿಗೆಯ ನೋಟಿಸು ಹಂಚಿದರೆ ಸಾಲದು.

ಕಿತ್ತ ಕಿಟಕಿಗಳ ಕತೆಗೆ ಬಂದರೆ, ಅದರ ಬೆಲೆ ಬಲ್ಲವರು ಬಲ್ಲರು. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿಯಾರರ ಮನೆಗಳಿಂದ ಬಿಚ್ಚಿದ ಕಂಬ, ಬಾಗಿಲು, ಕಿಟಕಿಗಳಿಗೇ ಸಾಲು ಅಂಗಡಿಗಳಿವೆ, ದೂರದೂರದಿಂದ ಕೊಳ್ಳಲು ಬರುತ್ತಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಹಳೇ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡ ಮೇಲೂ ಆ ಹಸ್ತಶಿಲ್ಪ ಗ್ರಾಮವನ್ನು ಜನ ಟಿಕೆಟು ಕೊಟ್ಟು ನೋಡುತ್ತಾರೆ. ಬೆಂಗಳೂರಿನ ಹೋಟೆಲು, ರೆಸಾರ್ಟುಗಳ ಗೋಡೆಗೆ ಅಲಂಕಾರಕ್ಕೆಂದು ತಗುಲಿಹಾಕುವ ಕಿಟಕಿಗಳು ಆಕಾಶದಿಂದ ಉದುರಿದವಲ್ಲ. ಬದಲಾಯಿಸಲೇಬೇಕಾಗಿ ಬಂದವರು ಹಳೇ ಮರಕ್ಕೆ ಮೂರು ಕಡೆ ಬೆಲೆ ಕೇಳಲಿ, ಆ ದುಡ್ಡನ್ನು ಹೊಸ ಕಿಟಕಿಯ ಬಿಲ್ಲಿನಲ್ಲಿ ಮುರಿದುಕೊಳ್ಳಲಿ. ಇಲ್ಲವೇ ಅದೇ ಮರದಲ್ಲಿ ಒಂದು ಬೆಂಚೋ ದೇವರ ಮಂಟಪವೋ ಮಾಡಿಸಿಕೊಳ್ಳಲಿ. ಕಾಫಿ ಬೇಕಾದರೆ ಕೊಡಲಿ, ಮರ ಕೊಡುವುದು ಬೇಡ.

ಬಿಲ್ಲಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. "ಬಿಲ್ ಬೇಡ ಅಂದ್ರೆ ಹದಿನೆಂಟು ಪರ್ಸೆಂಟ್ ಉಳಿಯುತ್ತೆ ಸಾರ್" ಎಂಬ ಸಿಹಿ ಮಾತಿಗೆ ಎಷ್ಟೋ ಮಂದಿ ಮರುಳಾಗುತ್ತಾರೆ. ಉಳಿಯುವುದು ಹದಿನಾರು ಸಾವಿರ, ಹೋಗುವುದು ಕೇಳುವ ಹಕ್ಕಿನ ಆಧಾರ. ಬಿಲ್ಲಿನಲ್ಲಿ ಗಾಜಿನ ದಪ್ಪ, ಒಳಗಿನ ಕಬ್ಬಿಣ, ಬೀಗ ಕೀಲುಗಳ ವಿವರ ಇರಬೇಕು. ಪಟ್ಟಿಗೆ ಎಷ್ಟು ವರ್ಷ, ಕೀಲು ಬೀಗಕ್ಕೆ ಎಷ್ಟು, ಕೂರಿಸಿದ ಕೆಲಸಕ್ಕೆ ಎಷ್ಟು ಎಂದು ಗ್ಯಾರಂಟಿ ಬೇರೆಬೇರೆಯಾಗಿ ಬರೆಸಿಕೊಳ್ಳಬೇಕು. ಬಾಯಲ್ಲಿ ಹೇಳುವ ಇಪ್ಪತ್ತು ವರ್ಷದ ಗ್ಯಾರಂಟಿ ಸಾಮಾನ್ಯವಾಗಿ ಪಟ್ಟಿಗೆ ಮಾತ್ರ. ಸೋರುವುದು ಕೂರಿಸಿದ ಸಂದಿಯಲ್ಲಿ. ಗೋಡೆ ಒಡೆದರೆ ಸರಿಮಾಡುವ ಹೊಣೆ ಯಾರದು ಎಂಬುದೂ ಕಾಗದದ ಮೇಲೆ ಬರಲಿ. ಕೊನೆಯ ಕಂತು ಒಂದು ಒಳ್ಳೇ ಮಳೆ ಬಿದ್ದ ಮೇಲೆ ಕೊಡುವ ಕರಾರು ಮಾಡಿಕೊಂಡರಂತೂ ಇನ್ನೂ ವಾಸಿ.

ಮೋಸ ಆಯಿತು ಅನ್ನಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅಂಗಡಿ ಬೆಂಗಳೂರಿನಲ್ಲಿದ್ದರೂ ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ದುಡ್ಡು ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೆ. ಅದಕ್ಕೂ ಮೊದಲು 1915 ನಂಬರಿಗೆ ಫೋನು ಮಾಡಿದರೆ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಂಡು ಅಂಗಡಿಯವನಿಗೆ ಕಳಿಸುತ್ತಾರೆ. ಎಷ್ಟೋ ಜಗಳ ಅಲ್ಲೇ ತೀರುತ್ತದೆ. ಕೈಯಲ್ಲಿ ಬಿಲ್ಲು, ಕಿಟಕಿ ಕೀಳುವ ಮೊದಲೊಂದು, ಕೂರಿಸಿದ ಮೇಲೊಂದು ಫೋಟೋ ಇಟ್ಟುಕೊಂಡಿರಬೇಕು.